ಜಂಬಪ್ಪ ಹೇಳಿದ ಸುಳ್ಳು

ಸನ್ಮಾನ ಬೇಡವೆಂದು ಮರಿಬಸಪ್ಪ ಎರಡು ಸಲ ಹೇಳಿ ಕಳಿಸಿದ್ದ. ಮೂರನೆಯ ಸಲ ಹತ್ತಿ ವ್ಯಾಪಾರಿಗಳ ಸಂಘದವರೂ ಮಾಜಿ ಸೈನಿಕರ ಸಂಘದವರೂ ಒಟ್ಟಿಗೇ ಬಂದು ಮಿಲ್ಲಿನ ಆಫೀಸಿನಲ್ಲಿ ಕೂತುಬಿಟ್ಟರು. ಹತ್ತೊಂಬತ್ತು ವರ್ಷ ಸೈನ್ಯದಲ್ಲಿ ದುಡಿದು, ಊರಿಗೆ ಬಂದು ಹತ್ತಿಯಿಂದ ಕಾಳು ಬಿಡಿಸುವ ನಾಲ್ಕೇ ನಾಲ್ಕು ಜಿನ್ನಿಂಗ್ ಯಂತ್ರ ಹಾಕಿ, ಇವತ್ತು ಮುನ್ನೂರು ಜನಕ್ಕೆ ಕೆಲಸ ಕೊಟ್ಟಿರುವ ಮನುಷ್ಯನನ್ನು ಆದೋನಿ ಗುರುತಿಸದಿದ್ದರೆ ನಾಚಿಕೆ ಆದೋನಿಗೇ ಎಂಬುದು ಅವರ ವಾದ. ಮಗ ವಾಗೀಶ್ ಅಪ್ಪನ ಮುಖ ನೋಡದೆಯೇ ಒಪ್ಪಿಕೊಂಡ. ಜನವರಿಯ ಕಡೆಯ ಭಾನುವಾರ ಎಂದು ದಿನವೂ ಗೊತ್ತಾಯಿತು.

ಬಿನ್ನವತ್ತಳೆ ಬರೆಯುವ ಕೆಲಸ ಸೇತುಮಾಧವಾಚಾರ್ಯರ ಪಾಲಿಗೆ ಬಂತು. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಆಂಧ್ರದ ಗಡಿಯ ಆ ಊರಿನಲ್ಲಿ ಯಾರಿಗೆ ಶಾಲು ಹೊದಿಸಿದರೂ ಅದರ ಕನ್ನಡ ಅವರದೇ. ಒಂದು ವಾರದ ಮೇಲೆ ಮಧ್ಯಾಹ್ನ ಹೊತ್ತಿಗೆ ಮಿಲ್ಲಿಗೆ ಬಂದರು. ಹೊರಗೆ ಹತ್ತಿ ಇಳಿಸುತ್ತಿದ್ದ ಲಾರಿಗಳ ಸಂದಿಯಲ್ಲಿ ನಡೆದು ಬಂದಿದ್ದರಿಂದ ಅವರ ಕರಿ ಕೋಟಿನ ತುಂಬ ಅರಳೆಯ ಎಳೆ. ಅದನ್ನು ಒಂದೊಂದಾಗಿ ಕಿತ್ತು ತೆಗೆದು, ಕನ್ನಡಕ ಹಾಕಿಕೊಂಡು, ಬರೆದದ್ದನ್ನು ಓದತೊಡಗಿದರು.

ಮರಿಬಸಪ್ಪ ಕಣ್ಣು ಮುಚ್ಚಿ ಕೇಳಿದ. ಆಲೂರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದ್ದು, ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯ ಸೇರಿದ್ದು, ಹಿಮದಲ್ಲಿ ನಿಂತು ಗಾಡಿಗಳ ರಿಪೇರಿ ಮಾಡಿದ್ದು, ಹವಾಲ್ದಾರನಾಗಿ ನಿವೃತ್ತನಾದದ್ದು, ಎಲ್ಲ ಸರಿಯಾಗಿತ್ತು. ತುಸು ಹೆಚ್ಚು ಹೊಗಳಿದ್ದರೂ ಸುಳ್ಳೇನೂ ಇರಲಿಲ್ಲ. ಆಮೇಲೆ ಆಚಾರ್ಯರು ದನಿ ಏರಿಸಿ ಓದಿದರು:

‘ಶಿಸ್ತಿಗೆ ಮತ್ತೊಂದು ಹೆಸರಾದ ತಾವು ಈ ಇಪ್ಪತ್ತೈದು ವರ್ಷಗಳಲ್ಲಿ ತಮ್ಮ ಮಿಲ್ಲಿನಲ್ಲಿ ಒಂದೇ ಒಂದು ಅಪಘಾತವೂ ನಡೆಯದಂತೆ, ಕಾರ್ಮಿಕರನ್ನು ಹೆತ್ತ ಮಕ್ಕಳ ಹಾಗೆ ಕಾಯ್ದಿರಿ.’

ಮರಿಬಸಪ್ಪ ಕಣ್ಣು ಬಿಟ್ಟ.

“ಆ ಸಾಲು ತಗೀರಿ ಆಚಾರ್ರ” ಎಂದ.

ಆಚಾರ್ಯರು ಕನ್ನಡಕದ ಮೇಲಿಂದ ನೋಡಿದರು. ಅವರ ಮಟ್ಟಿಗೆ ಇಡೀ ಬರಹದಲ್ಲಿ ಅದೇ ಒಳ್ಳೆಯ ಸಾಲು. ಸುರಕ್ಷತೆಗಾಗಿ ಜಿಲ್ಲೆಯ ಪ್ರಶಸ್ತಿ ಎರಡು ಸಲ ಬಂದದ್ದನ್ನು ಗೋಡೆಯ ಮೇಲಿನ ಫಲಕ ನೋಡಿಯೇ ಬರೆದೆನಲ್ಲ ಎಂದರು. ಪಕ್ಕದಲ್ಲಿ ನಿಂತಿದ್ದ ವಾಗೀಶ್ ಅಪ್ಪನಿಗೆ ಸಮಾಧಾನ ಹೇಳುವವನಂತೆ ತಗ್ಗಿದ ದನಿಯಲ್ಲಿ ಹೇಳಿದ: “ಜಂಬಪ್ಪ ಕಾಕಾಂದು ಲೆಕ್ಕಕ್ಕ ಬರಂಗಿಲ್ಲಪ್ಪ. ತಮ್ದೇ ತಪ್ಪು ಅಂತ ಅವ್ರೇ ಬರಸ್ಯಾರ. ರಿಕಾರ್ಡಿನ್ಯಾಗ ಐತಿ.”

ಜಂಬಪ್ಪ ಯಾರೆಂದು ಆಚಾರ್ಯರು ಕೇಳಿದರು. ಅಪ್ಪನ ಜೊತೆಗೇ ಸೈನ್ಯಕ್ಕೆ ಸೇರಿದವರು, ಜೊತೆಗೇ ದುಡಿದವರು, ಈ ಮಿಲ್ಲಿನ ಮೊದಲ ಫಿಟ್ಟರು, ಈಗ ಮದ್ದಿಕೇರದಲ್ಲಿದ್ದಾರೆ ಎಂದು ವಾಗೀಶನೇ ಹೇಳಿದ. ಆಚಾರ್ಯರಿಗೆ ಖುಷಿಯಾಯಿತು. ಅಂಥವರು ವೇದಿಕೆಗೆ ಬಂದು ಶಾಲು ಹೊದಿಸಿದರೆ ಅದಕ್ಕಿಂತ ಸೊಗಸು ಇನ್ನೇನಿದೆ, ಕರೆಸಿರಿ ಎಂದರು. ಮಿಲ್ಲಿನ ಗಾಡಿ ಕಳಿಸುತ್ತೇನೆಂದು ವಾಗೀಶ್ ಫೋನು ತೆಗೆದ.

“ಬ್ಯಾಡ. ನಾನೇ ಹೋಗಿ ಕರೀತೀನಿ” ಎಂದ ಮರಿಬಸಪ್ಪ.

ಹಾಗೆಂದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅವನು ಮದ್ದಿಕೇರಕ್ಕೆ ಹೋಗಿ ಹನ್ನೊಂದು ವರ್ಷವಾಗಿತ್ತು.

ಜಂಬಪ್ಪ, ಮರಿಬಸಪ್ಪ ಒಂದೇ ಊರಿನವರು, ಒಂದೇ ವಯಸ್ಸಿನವರು. ಕರ್ನೂಲಿನಲ್ಲಿ ಸೈನ್ಯಕ್ಕೆ ಆಳು ಆರಿಸುತ್ತಿದ್ದಾರೆಂದು ಕೇಳಿ ಇಬ್ಬರೂ ಮನೆಯಲ್ಲಿ ಹೇಳದೆ ಹೋಗಿ, ಒಂದೇ ಸಾಲಿನಲ್ಲಿ ನಿಂತು, ಒಂದೇ ದಿನ ಆಯ್ಕೆಯಾದರು. ಇಬ್ಬರನ್ನೂ ಗಾಡಿ ರಿಪೇರಿಯ ಪಡೆಗೆ ಹಾಕಿದರು. ಓದು ತುಸು ಹೆಚ್ಚಿದ್ದ ಮರಿಬಸಪ್ಪ ಮುಂದೆ ಹೋದ, ಜಂಬಪ್ಪ ಒಂದು ಮೆಟ್ಟಿಲು ಹಿಂದೆ ಉಳಿದ. ಆದರೆ ಕೈ ಕೆಲಸದಲ್ಲಿ ಜಂಬಪ್ಪನಿಗೆ ಸಮ ಯಾರೂ ಇರಲಿಲ್ಲ. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಒಳಗಿನ ದೋಷ ಹೇಳುತ್ತಿದ್ದ.

ಪಠಾಣಕೋಟೆಯಲ್ಲಿದ್ದಾಗ ಒಂದು ಸಲ ಜಂಬಪ್ಪ ಲಾರಿಯೊಂದರ ಚಕ್ರದ ನಟ್ಟು ಬಿಗಿಯುವುದನ್ನು ಮರೆತ. ಊರಿನಿಂದ ತಾಯಿ ತೀರಿಕೊಂಡ ತಂತಿ ಬಂದ ದಿನ ಅದು. ಆರು ಮೈಲಿ ಹೋಗುವಷ್ಟರಲ್ಲಿ ಚಕ್ರ ಕಳಚಿ ಲಾರಿ ರಸ್ತೆ ಬಿಟ್ಟು ಇಳಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ವಿಚಾರಣೆಯಾಯಿತು. ಜಂಬಪ್ಪ ಬಾಯಿ ತೆರೆಯುವ ಮೊದಲೇ ಮರಿಬಸಪ್ಪ ಮುಂದೆ ಬಂದು, ನೋಡಿ ಕಳಿಸಬೇಕಾದವನು ನಾನು, ತಪ್ಪು ನನ್ನದು ಎಂದ. ಅವನಿಗೆ ಹವಾಲ್ದಾರ್ ಪದವಿ ಎರಡು ವರ್ಷ ತಡವಾಗಿ ಬಂತು. ಆ ವಿಷಯವನ್ನು ಇಬ್ಬರೂ ಎಂದೂ ಮಾತಾಡಲಿಲ್ಲ. ಮಾತಾಡುವುದು ಬೇಕಾಗಿಯೂ ಇರಲಿಲ್ಲ.

ನಿವೃತ್ತನಾಗಿ ಬಂದ ಮರಿಬಸಪ್ಪ ಆಲೂರು ರಸ್ತೆಯಲ್ಲಿ ತಗಡಿನ ಶೆಡ್ಡೊಂದನ್ನು ಹಿಡಿದು ಹಳೆಯ ಯಂತ್ರ ಹಾಕಿದಾಗ, ಜೊತೆಗೇ ನಿವೃತ್ತನಾಗಿ ಬಂದಿದ್ದ ಜಂಬಪ್ಪನನ್ನು ಕರೆಯದೆ ಇನ್ಯಾರನ್ನು ಕರೆಯಬೇಕು? ಮೂರು ವರ್ಷ ಇಬ್ಬರೂ ಕತ್ತೆಗಳ ಹಾಗೆ ದುಡಿದರು. ಎಣ್ಣೆ ಹಚ್ಚುವುದರಿಂದ ಹಿಡಿದು ಅರಳೆ ಒತ್ತಿ ಕಟ್ಟಿದ ಬೇಲು ಎತ್ತುವ ತನಕ ಎಲ್ಲಕ್ಕೂ ಜಂಬಪ್ಪ ಬೇಕು. ಹೆಂಗಸರು ಹತ್ತಿ ಹಾಕುವ ಕಡೆ, ಹತ್ತಿಕಾಳು ಬೀಳುವ ಕಡೆ, ನೆಲದಡಿಯಲ್ಲಿ ಯಂತ್ರ ತಿರುಗಿಸುವ ಪಟ್ಟಾ ಓಡುವ ಕಡೆ, ಎಲ್ಲಿ ಏನು ಸದ್ದು ಬದಲಾದರೂ ಅವನ ಕಿವಿಗೆ ಬೀಳುತ್ತಿತ್ತು.

2003ರ ಜನವರಿಯ ಒಂದು ಮಧ್ಯಾಹ್ನ ಅವನು ಆಫೀಸಿಗೆ ಬಂದು, ಪಟ್ಟಾದ ಮೇಲಿನ ಜಾಲರಿ ಮುರಿದಿದೆ, ಪಟ್ಟಾ ಒಂದು ಪಕ್ಕಕ್ಕೆ ಸರಿಯುತ್ತಿದೆ, ಎರಡು ತಾಸು ನಿಲ್ಲಿಸಿದರೆ ಸರಿ ಮಾಡುತ್ತೇನೆ ಎಂದ. ಆ ದಿನ ಕೊಯಮತ್ತೂರಿನ ದೊಡ್ಡ ಮಿಲ್ಲೊಂದಕ್ಕೆ ಮೊದಲ ಸಲ ಅರಳೆ ಹೋಗುವುದಿತ್ತು. ಐದಕ್ಕೆ ಲಾರಿ ಹೊರಡಬೇಕು, ಇನ್ನೂ ಹನ್ನೆರಡು ಬೇಲು ಬಾಕಿ. ಮರಿಬಸಪ್ಪ ಫೋನಿನ ಮೇಲೆ ಕೈ ಇಟ್ಟುಕೊಂಡೇ, “ಓಡಲಿ ಬಿಡೊ. ಲಾರಿ ಹೋದ ಮ್ಯಾಲ ನೋಡೋಣು” ಎಂದ. ಜಂಬಪ್ಪ ಒಂದು ಗಳಿಗೆ ನಿಂತು, ತಿರುಗಿ ಹೋದ.

ಅರ್ಧ ತಾಸಿಗೆ ಒಳಗಿನಿಂದ ಹೆಂಗಸರ ಕೂಗು ಕೇಳಿತು. ಸರಿದ ಪಟ್ಟಾವನ್ನು ಕೋಲಿನಿಂದ ಒತ್ತಲು ಹೋಗಿ ಜಂಬಪ್ಪನ ತೋಳಂಗಿ ಸಿಕ್ಕಿಕೊಂಡಿತ್ತು. ಬಲಗೈ ಮೊಳಕೈಗಿಂತ ಮೇಲೆ ತುಂಡಾಗಿ ಹೋಯಿತು.

ಮೂರನೆಯ ದಿನ ಆಸ್ಪತ್ರೆಗೆ ಅಧಿಕಾರಿಯೊಬ್ಬ ಹೇಳಿಕೆ ಬರೆದುಕೊಳ್ಳಲು ಬಂದ. ಮರಿಬಸಪ್ಪ ಮಂಚದ ಕಾಲ ಬಳಿ ನಿಂತಿದ್ದ. ಹೇಗಾಯಿತು ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ ಜಂಬಪ್ಪ ತೆಲುಗಿನಲ್ಲೇ ಉತ್ತರ ಕೊಟ್ಟ.

“ಸಾರ್ ಆಪಮನ್ನಾರು. ನೇನೇ ವಿನಲೇದು.”

ಸಾಹೇಬರು ನಿಲ್ಲಿಸು ಅಂದಿದ್ದರು, ನಾನೇ ಕೇಳಲಿಲ್ಲ. ಹಾಗೆಂದು ಅವನು ಮರಿಬಸಪ್ಪನ ಕಡೆ ನೋಡಿದ. ಅಧಿಕಾರಿಯೂ ನೋಡಿದ. ಅಲ್ಲ ಎನ್ನಲು ಮರಿಬಸಪ್ಪನ ಬಾಯಿ ತೆರೆದಿತ್ತು. ಆಗಿನ್ನೂ ನಿಲ್ಲಲು ಕಲಿಯುತ್ತಿದ್ದ ಮಿಲ್ಲು, ಅದನ್ನು ನಂಬಿದ ಅರವತ್ತು ಜನ, ಮನೆಯಲ್ಲಿ ಓದುತ್ತಿದ್ದ ಮಗ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಅಧಿಕಾರಿ ಬರೆದುಕೊಂಡು ಹೋದ.

ಜಂಬಪ್ಪ ವಾಸಿಯಾಗಿ ಬಂದಾಗ ಮರಿಬಸಪ್ಪ ಗೇಟಿನ ಬಳಿ ಕೂರುವ ಕೆಲಸ ಕೊಡಲು ಹೋದ. ಅವನು ಬೇಡವೆಂದು ಹೆಂಡತಿ ಬಸವಕ್ಕನ ತವರಾದ ಮದ್ದಿಕೇರಕ್ಕೆ ಸಂಸಾರ ಒಯ್ದ. ಮೊದಮೊದಲು ಮರಿಬಸಪ್ಪ ತಿಂಗಳಿಗೊಮ್ಮೆ ಹೋಗುತ್ತಿದ್ದ. ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಡ್ರೈವರನ ಕೈಯಲ್ಲಿ ಬಟ್ಟೆಬರೆ ಕಳಿಸಿದ. ಹೋದ ವರ್ಷ ಬಸವಕ್ಕ ತೀರಿಕೊಂಡ ಸುದ್ದಿ ಬಂದಾಗ ಮುಂಬಯಿಯ ವ್ಯಾಪಾರಿಗಳು ಮಿಲ್ಲು ನೋಡಲು ಬಂದಿದ್ದರು. ಹೂವಿನ ಹಾರ ಕೊಟ್ಟು ಮ್ಯಾನೇಜರನನ್ನು ಕಳಿಸಿದ.

ಕೈ ಹೋದ ಮರುವಾರವೇ ಮಿಲ್ಲಿನ ಪ್ರತಿ ಯಂತ್ರಕ್ಕೂ ಉಕ್ಕಿನ ಜಾಲರಿ ಬಂತು. ಸಣ್ಣ ಸದ್ದಾದರೂ ಯಂತ್ರ ನಿಲ್ಲಿಸುವ ಹಕ್ಕು ಅಲ್ಲಿ ಪ್ರತಿ ಆಳಿಗೂ ಇದೆ. ದೂರದೂರದ ಮಿಲ್ಲಿನವರು ಇದನ್ನೆಲ್ಲ ನೋಡಿಕೊಂಡು ಹೋಗಲು ಬರುತ್ತಾರೆ. ಗೋಡೆಯ ಮೇಲಿನ ಎರಡು ಫಲಕಗಳು ಬಂದದ್ದು ಹಾಗೆ.

ಗುರುವಾರ ಬೆಳಿಗ್ಗೆ ಮರಿಬಸಪ್ಪ ಡ್ರೈವರನನ್ನು ಬಿಟ್ಟು ತಾನೇ ಕಾರು ಹೊರಡಿಸಿದ. ಆಲೂರು ದಾಟಿದ ಮೇಲೆ ದಾರಿಯ ಎರಡೂ ಕಡೆ ಕಡಲೆ ಹೊಲ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ. ಮದ್ದಿಕೇರ ಬಂದಾಗ ಜೋಡಿಸಿದ್ದು ಒಂದೂ ನೆನಪಿರಲಿಲ್ಲ.

ಬಾಗಿಲಿಗೆ ಬಂದವಳು ಜಂಬಪ್ಪನ ಮಗಳು ಪ್ರತಿಮಾ. ಅದೇ ಊರಿನ ಅಂಗನವಾಡಿಯಲ್ಲಿ ಟೀಚರು. ತಾಯಿ ಹೋದ ಮೇಲೆ ಅಪ್ಪನ ಆರೈಕೆಗೆಂದು ಗಂಡನೊಂದಿಗೆ ಇಲ್ಲೇ ಉಳಿದಿದ್ದಳು. ಮರಿಬಸಪ್ಪನನ್ನು ಕಂಡು ಅವಳಿಗಾದ ಸಂತೋಷ ನೋಡಿ ಅವನಿಗೆ ತಲೆ ಎತ್ತಲಾಗಲಿಲ್ಲ. ಕುರ್ಚಿಯ ಮೇಲೆ ಹೊಸ ಚಾದರ ಹಾಸಿ ಕೂರಿಸಿದಳು. ಅಪ್ಪ ಹೊಲದಲ್ಲಿ ಯಾರದೋ ಮೋಟರು ನೋಡಲು ಹೋಗಿದ್ದಾನೆ, ಈ ಸುತ್ತಿನಲ್ಲಿ ಯಾರ ಮೋಟರು ಕೆಟ್ಟರೂ ಮೊದಲು ಅವನೇ ಹೋಗಿ ಸದ್ದು ಕೇಳಬೇಕು ಎಂದು ನಗುತ್ತ ಹೇಳಿದಳು. ಚಹಾ ಕೊಡುತ್ತ ಗೋಡೆಯ ಮೇಲಿನ ಬಸವಕ್ಕನ ಫೋಟೋ ತೋರಿಸಿದಳು.

“ಅವ್ವ ಕಡೀತನಕ ನಿಮ್ಮ ಹೆಸರು ಹೇಳತಿದ್ಲು ದೊಡ್ಡಪ್ಪ. ಮಿಶಿನ್ ನಿಲ್ಲಸು ಅಂತ ಆ ದೇವರಂಥಾ ಮನಷ್ಯ ಹೇಳಿದ್ರೂ ಕೇಳಲಿಲ್ಲ ನೋಡು ಅಂತ ಅಪ್ಪನ್ನ ಬೈಯೋಳು. ಅನ್ನ ಕಲಿಸಿ ಕೊಡುವಾಗ ಒಮ್ಮೆ, ಅಂಗಿ ಗುಂಡಿ ಹಾಕುವಾಗ ಒಮ್ಮೆ. ಇಪ್ಪತ್ತು ವರ್ಷ ಅದೇ ಮಾತು.”

ಮನೆಯ ಹಳೆಯ ತಮಾಷೆಯೊಂದನ್ನು ಹೇಳುವ ಹಾಗೆ ಹೇಳಿ ಅವಳು ಒಳಗೆ ಹೋದಳು. ಮರಿಬಸಪ್ಪ ಚಹಾ ಕೆಳಗಿಟ್ಟ. ಅಪ್ಪ ಏನೆನ್ನುತ್ತಿದ್ದ ಎಂದು ಕೇಳಬೇಕೆನಿಸಿತು, ಧೈರ್ಯ ಬರಲಿಲ್ಲ. ಹೊಲದ ದಾರಿ ಕೇಳಿಕೊಂಡು ಎದ್ದ.

ಜಂಬಪ್ಪ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಖಾಲಿ ತೋಳಂಗಿಯನ್ನು ಮಡಚಿ ಪಿನ್ನು ಹಾಕಿತ್ತು. ಎದುರಿಗೆ ಮೋಟರು ಓಡುತ್ತಿತ್ತು. ಬೇರಿಂಗು ಹೋಗಿದೆ, ಬಿಚ್ಚಿ ಒಯ್ಯಿರಿ ಎಂದು ಹೊಲದವನಿಗೆ ಹೇಳಿ, ಮೋಟರು ಬಂದ್ ಮಾಡಿಸಿ, ಆಮೇಲೆ ತಿರುಗಿ ನೋಡಿದ. ತಲೆ ಪೂರಾ ಬೆಳ್ಳಗಾಗಿತ್ತು.

“ಬರ್ರಿ ಸಾಹೇಬ್ರ” ಎಂದ.

ಸೈನ್ಯದಲ್ಲಿ ಇಬ್ಬರೇ ಇದ್ದಾಗ ಅವನು ಬಸ್ಯಾ ಎನ್ನುತ್ತಿದ್ದ. ಮಿಲ್ಲಿನಲ್ಲಿ ನಾಲ್ಕು ಜನರ ಮುಂದೆ ಮಾತ್ರ ಸಾಹೇಬ್ರ. ಈಗ ಹೊಲದವನು ದೂರ ಹೋದ ಮೇಲೂ ಆ ಮಾತು ಬದಲಾಗಲಿಲ್ಲ.

ಮರಿಬಸಪ್ಪ ಪಕ್ಕದಲ್ಲಿ ಕೂತು ಸನ್ಮಾನದ ಸುದ್ದಿ ಹೇಳಿದ. ಜಂಬಪ್ಪ ಒಳ್ಳೆಯದಾಯಿತು ಎಂದ. ಅದರಲ್ಲಿ ಕೊಂಕು ಇರಲಿಲ್ಲ. ನೀನು ಬಂದು ಶಾಲು ಹೊದಿಸಬೇಕಂತೆ ಎಂದದ್ದಕ್ಕೆ ಸುಮ್ಮನೆ ನಕ್ಕ. ಸ್ವಲ್ಪ ಹೊತ್ತು ಇಬ್ಬರೂ ಕಾಲುವೆಯ ನೀರು ಇಂಗುವುದನ್ನು ನೋಡಿದರು. ಕೊನೆಗೆ ಮರಿಬಸಪ್ಪ ಕೇಳಿದ: “ಬಸವಕ್ಕಗ ನೀ ಹೇಳಿರಲಿಲ್ಲೇನೊ?”

“ಏನಂತ ಹೇಳಲಿ?”

“ನಿಲ್ಲಸೋಣು ಅಂದಾಂವ ನೀನು, ಓಡಲಿ ಅಂದಾಂವ ನಾನು ಅಂತ.”

ಜಂಬಪ್ಪ ಎಡಗೈಯಿಂದ ಕಟ್ಟೆಯ ಮೇಲಿನ ಮಣ್ಣು ಸವರಿದ. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ತೂಗಿದವನಂತೆ ಹೇಳಿದ.

“ಅವತ್ತ ಆ ಆಫೀಸರಗ ನಾ ಯಾಕ ಹಂಗ ಹೇಳಿದೆ, ಗೊತ್ತೈತೇನ್ರಿ ನಿಮಗ? ನಿಮ್ಮ ಮಿಲ್ಲು ಉಳೀಲಿ ಅಂತ ಅಲ್ಲ. ನಾ ಹಂಗಂದ್ರ ನೀವು ತಡೀರಿ ಅಂತೀರಿ, ಅಂವ ಹೇಳಾದು ಸುಳ್ಳು ಅಂತೀರಿ ಅಂತ ತಿಳಿದಿದ್ದೆ. ಪಠಾಣಕೋಟಿಯಾಗ ಅಂದಿದ್ರಲ್ಲ, ಹಂಗ. ನೀವು ಅನ್ನಲಿಲ್ಲ. ಮರದಿನ ಅಂತೀರಿ ಅಂದ್ಕೊಂಡೆ. ದವಾಖಾನಿಯಿಂದ ಮನಿಗೆ ಬರೋತನಕ ಕಾದೆ. ಆಮ್ಯಾಲ ಆಸೆ ಬಿಟ್ಟೆ.”

 ಇಪ್ಪತ್ತೆರಡು ವರ್ಷ ಮರಿಬಸಪ್ಪ ಅದನ್ನು ಸ್ನೇಹಿತ ಮಾಡಿದ ಉಪಕಾರವೆಂದೇ ತಿಳಿದಿದ್ದ. ಆ ಉಪಕಾರದ ಭಾರವನ್ನೇ ದೊಡ್ಡ ಭಾರ ಎಂದುಕೊಂಡಿದ್ದ. ಅದು ಉಪಕಾರವಾಗಿರಲಿಲ್ಲ. ತನ್ನ ಮೇಲೆ ಇಟ್ಟಿದ್ದ ನಂಬಿಕೆಯಾಗಿತ್ತು.

“ಭಾನುವಾರ ಎಲ್ಲಾರ ಮುಂದ ಹೇಳಿಬಿಡತೀನಿ. ಮೈಕಿನ್ಯಾಗ ಹೇಳತೀನಿ” ಎಂದ.

“ಬ್ಯಾಡ್ರಿ” ಎಂದ ಜಂಬಪ್ಪ. ದನಿ ಗಡುಸಾಗಿರಲಿಲ್ಲ, ದಣಿದಿತ್ತು. “ಆಕಿ ಇದ್ದಾಗ ನಮ್ಮನಿಗೆ ಬಂದು ಒಂದ್ ಮಾತು ಹೇಳಿದ್ರ ಸಾಕಿತ್ತು. ನಾ ಹೇಳಿದ್ರ, ನನ್ನ ತಪ್ಪು ಮುಚ್ಚಾಕ ನಿಮ್ಮ ಮ್ಯಾಲ ಹಾಕತೀನಿ ಅಂತಿದ್ಲು. ನೀವೇ ಹೇಳಬೇಕಿತ್ತು. ಈಗ ಸ್ಟೇಜಿನ ಮ್ಯಾಲ ನಿಂತು ಹೇಳಿದ್ರ ಜನ ಚಪ್ಪಾಳಿ ಹೊಡೀತಾರ. ಎಂಥಾ ದೊಡ್ಡ ಮನಸು ಅಂತಾರ. ಅದೂ ನಿಮ್ಮ ಸನ್ಮಾನಕ್ಕ ಸೇರತೈತಿ. ನನಗೇನ್ ಬರತೈತಿ ಅದ್ರಾಗ?”

 ಜಂಬಪ್ಪನೇ ಮೊದಲು ಎದ್ದ. ಇನ್ನೊಂದು ಹೊಲಕ್ಕೆ ಹೋಗುವುದಿದೆ, ಊಟ ಮಾಡಿಕೊಂಡು ಹೋಗಿರಿ, ಮಗಳು ರೊಟ್ಟಿ ಮಾಡಿರುತ್ತಾಳೆ ಎಂದು ಹೇಳಿ ಬದುವಿನ ಮೇಲೆ ನಡೆದು ಹೋದ.

ಮರಿಬಸಪ್ಪ ಊಟಕ್ಕೆ ಕೂರಲಿಲ್ಲ. ಕಾರಿನ ಬಳಿಗೆ ಬಂದಾಗ ಪ್ರತಿಮಾ, ಮನೆಯಲ್ಲಿ ಹೂವಮ್ಮ ದೊಡ್ಡಮ್ಮನಿಗೆ ಕೊಡಿರಿ ಎಂದು ಹೊಸ ಕಡಲೆಯ ಸಣ್ಣ ಚೀಲ ಹಿಡಿದು ಓಡಿ ಬಂದಳು. ಅದನ್ನು ತೆಗೆದುಕೊಳ್ಳಲು ಅವನ ಕೈ ಮುಂದಾಗಲಿಲ್ಲ.

“ಪ್ರತಿಮಾ, ನಿಮ್ಮಪ್ಪಂದು ತಪ್ಪಿರಲಿಲ್ಲವ್ವ. ನಿಲ್ಲಸಬೇಕು ಅಂತ ಆತನೇ ಬಂದು ಕೇಳಿದ. ಬ್ಯಾಡ, ಓಡಲಿ ಅಂದಾಂವ ನಾನು.”

ಅವಳ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಕೇಳಿದ್ದು ಸರಿಯೋ ತಪ್ಪೋ ಎಂಬಂತೆ ಅವನ ಮುಖವನ್ನೇ ನೋಡಿದಳು.

“ನಮ್ಮವ್ವಗ ಗೊತ್ತಿತ್ತಾ ಇದು?”

“ಇಲ್ಲ.”

ಪ್ರತಿಮಾ ಚೀಲ ಎದೆಗೆ ಅವಚಿಕೊಂಡು ಮನೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮರಿಬಸಪ್ಪ ಹತ್ತು ನಿಮಿಷ ಕಾರಿನಲ್ಲಿ ಕೂತಿದ್ದು, ಅವಳು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೊರಟ.

ಊರಿಗೆ ಬಂದು ಸನ್ಮಾನ ನಿಲ್ಲಿಸಿರೆಂದು ಕೇಳಿಕೊಂಡ. ವಾಗೀಶ್ ಕಂಗಾಲಾದ. ಕಾರ್ಡು ಹಂಚಿಯಾಗಿತ್ತು, ರಸ್ತೆಯಲ್ಲಿ ಅಪ್ಪನ ಸೈನ್ಯದ ಫೋಟೋ ಇರುವ ಫ್ಲೆಕ್ಸುಗಳು ನಿಂತಿದ್ದವು, ಹೈದರಾಬಾದಿನಿಂದ ನಿವೃತ್ತ ಸೇನಾಧಿಕಾರಿಯೊಬ್ಬರು ಬರುವವರಿದ್ದರು. ಹೆಂಡತಿ ಹೂವಮ್ಮನಿಗೆ ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬಸವಕ್ಕನ ಮಣ್ಣಿಗೆ ನಾನಾದರೂ ಹೋಗಬೇಕಿತ್ತು ಎಂದಷ್ಟೇ ಹೇಳಿದಳು. ಕಡೆಗೆ ಮರಿಬಸಪ್ಪ ಒಂದು ತೀರ್ಮಾನಕ್ಕೆ ಬಂದ. ಹೋಗಿ ಕೂರುವುದು, ಆ ಸಾಲು ಇಲ್ಲದಂತೆ ನೋಡಿಕೊಳ್ಳುವುದು, ಜಂಬಪ್ಪ ಬೇಡವೆಂದದ್ದನ್ನು ಆಡದೆ ಕೈ ಮುಗಿದು ಇಳಿದು ಬರುವುದು. ಆಚಾರ್ಯರ ಮನೆಗೆ ತಾನೇ ಹೋಗಿ, ಆ ಸಾಲಿನ ಮೇಲೆ ಗೆರೆ ಎಳೆಸಿ, ಹೊಸದಾಗಿ ಬರೆಸಿ, ಓದಿ ನೋಡಿ ಬಂದ.

ಭಾನುವಾರ ಕಲ್ಯಾಣ ಮಂಟಪ ತುಂಬಿತ್ತು. ತಲೆಗೆ ಪೇಟ ಇಟ್ಟರು, ಕೊರಳಿಗೆ ಏಲಕ್ಕಿ ಹಾರ ಹಾಕಿದರು. ಶಾಲು ಹೊದಿಸಿದವರು ಹೈದರಾಬಾದಿನ ಸೇನಾಧಿಕಾರಿ. ಆಚಾರ್ಯರು ಗಂಭೀರ ದನಿಯಲ್ಲಿ ಬಿನ್ನವತ್ತಳೆ ಓದಿದರು. ಆ ಸಾಲು ಇರಲಿಲ್ಲ. ಮರಿಬಸಪ್ಪ ಜನರ ಕಡೆ ಕಣ್ಣು ಹಾಯಿಸಿದ. ಹೆಂಗಸರ ಕಡೆಯ ಬಾಗಿಲ ಬಳಿ, ಕೂರಲು ಜಾಗವಿದ್ದರೂ ಕೂರದೆ, ಪ್ರತಿಮಾ ನಿಂತಿದ್ದಳು. ಒಬ್ಬಳೇ ಬಂದಿದ್ದಳು. ಭುಜದಲ್ಲಿ ಅಂಗನವಾಡಿಯ ನೀಲಿ ಚೀಲ.

ಅವಳು ಏಕೆ ಬಂದಳೆಂದು ಅವನು ಯೋಚಿಸುವಷ್ಟರಲ್ಲಿ ನಿರೂಪಣೆಯ ಹುಡುಗಿ ಮೈಕಿನ ಮುಂದೆ ಬಂದಳು. ತೆಲುಗಿನ ಅತಿಥಿಗಳಿಗಾಗಿ ಬಿನ್ನವತ್ತಳೆಯನ್ನು ತೆಲುಗಿನಲ್ಲೂ ಓದುವುದಿತ್ತು. ಅದನ್ನು ವಾಗೀಶ್ ಆಚಾರ್ಯರು ತಿದ್ದುವ ಮೊದಲೇ ಹಳೆಯ ಕನ್ನಡ ಪ್ರತಿ ನೋಡಿ ಬರೆಸಿಟ್ಟಿದ್ದ. ತಿದ್ದಬೇಕೆಂಬುದು ಅವನಿಗೆ ಹೊಳೆದಿರಲಿಲ್ಲ, ಮರಿಬಸಪ್ಪನಿಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ.

“ಇರವೈ ಐದೇಳ್ಳಲೋ ಒಕ್ಕ ಪ್ರಮಾದಂ ಕೂಡಾ ಜರಗಲೇದು” ಎಂದು ಹುಡುಗಿ ಸ್ಪಷ್ಟವಾಗಿ ಓದಿದಳು. ಇಪ್ಪತ್ತೈದು ವರ್ಷದಲ್ಲಿ ಒಂದು ಅಪಘಾತವೂ ಆಗಿಲ್ಲ. ಜನ ಚಪ್ಪಾಳೆ ತಟ್ಟಿದರು.

ಮರಿಬಸಪ್ಪ ಬಾಗಿಲ ಕಡೆ ನೋಡಿದ. ಪ್ರತಿಮಾ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಚಪ್ಪಾಳೆ ಮುಗಿಯುವ ಮುಂಚೆ ಚೀಲ ಸರಿಪಡಿಸಿಕೊಂಡು ತಿರುಗಿ ಹೊರಟಳು.

ಅವನು ಎದ್ದೇಬಿಟ್ಟ. ಕೊರಳಿನ ಹಾರ ಕುರ್ಚಿಯ ಕೈಗೆ ಸಿಕ್ಕಿ ಹರಿಯಿತು. ಹುಡುಗಿಯ ಕೈಯಿಂದ ಮೈಕು ತೆಗೆದುಕೊಂಡ.

“ಈಗ ಓದಿದ್ದು ಸುಳ್ಳು. ನಮ್ಮ ಮಿಲ್ಲಿನ್ಯಾಗ ಜಂಬಪ್ಪ ಅನ್ನಾಂವನ ಬಲಗೈ ಹೋಗೈತಿ. ಯಂತ್ರ ನಿಲ್ಲಸಬೇಕು ಅಂದಾಂವ ಆತ. ಓಡಲಿ ಅಂದಾಂವ ನಾನು. ತಪ್ಪು ಆತಂದು ಅಂತ ಬರಕೊಂಡ್ರು, ನಾ ಬಾಯಿ ಮುಚ್ಚಿಕೊಂಡು ನಿಂತಿದ್ದೆ.”

 ಬಾಗಿಲಲ್ಲಿ ಯಾರೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಮೆಲ್ಲಗೆ ಚಪ್ಪಾಳೆ ಶುರುಮಾಡಿದರು. ಅದು ಹಿಂದಕ್ಕೆ ಹರಡಿ ಇಡೀ ಮಂಟಪ ಎದ್ದು ನಿಂತಿತು. ನಿಲ್ಲಿಸಿರೆಂದು ಮರಿಬಸಪ್ಪ ಕೈ ಆಡಿಸಿದ. ಅದನ್ನೂ ವಿನಯವೆಂದುಕೊಂಡು ಜನ ಇನ್ನಷ್ಟು ಜೋರಾಗಿ ತಟ್ಟಿದರು. ಹೈದರಾಬಾದಿನ ಅತಿಥಿ ಬಂದು ತಬ್ಬಿಕೊಂಡು, ನಿಜವಾದ ಸಿಪಾಯಿ ಮಾತ್ರ ಹೀಗೆ ಹೇಳಬಲ್ಲ ಎಂದು ಮೈಕಿನಲ್ಲೇ ಹೇಳಿದರು. ಜಂಬಪ್ಪ ಬಾವಿಯ ಕಟ್ಟೆಯ ಮೇಲೆ ಕೂತು ಹೇಳಿದ್ದು ಒಂದಕ್ಷರ ತಪ್ಪದೆ ನಡೆದುಹೋಯಿತು. ಬೇಡವೆಂದ ಮಾತನ್ನು ಆಡಿಯೂ ಆಗಿತ್ತು, ಕೇಳಬೇಕಾದವಳು ಕೇಳಿಯೂ ಇರಲಿಲ್ಲ.

ಸೋಮವಾರದ ಪತ್ರಿಕೆಯಲ್ಲಿ ಫೋಟೋ ದೊಡ್ಡದಾಗಿ ಬಂತು. ವಾಗೀಶ್ ಒಂದು ದಿನ ಅಪ್ಪನ ಮೇಲೆ ಸಿಟ್ಟಾಗಿದ್ದವನು, ಎಲ್ಲ ಕಡೆಯಿಂದ ಹೊಗಳಿಕೆಯ ಫೋನು ಬಂದ ಮೇಲೆ ನಿರಾಳನಾದ. ಮರಿಬಸಪ್ಪ ಮೂರು ದಿನ ಮಿಲ್ಲಿನ ಕಡೆ ಹೋಗಲಿಲ್ಲ. ಗುರುವಾರ ಮತ್ತೆ ಮದ್ದಿಕೇರಕ್ಕೆ ಹೊರಟ. ಈ ಸಲ ಹೂವಮ್ಮನೂ ಜೊತೆಗೆ ಬಂದಳು.

ಪ್ರತಿಮಾ ಬಾಗಿಲು ತೆರೆದಳು. ಒಳಗೆ ಕರೆಯಲಿಲ್ಲ, ಹೋಗಿರಿ ಎಂದೂ ಅನ್ನಲಿಲ್ಲ. ಜಗುಲಿಯ ಮೇಲೆ ಹೂವಮ್ಮನಿಗೆ ಚಾಪೆ ಹಾಸಿ, ನೀರು ತಂದಿಟ್ಟಳು. ಜಂಬಪ್ಪ ಒಳಗೆ ಮಂಚದ ಮೇಲೆ ಮಲಗಿದ್ದ. ಎದ್ದು ಬರಲಿಲ್ಲ.

“ಪೇಪರನ್ಯಾಗ ಓದಿದೆ” ಎಂದಳು ಪ್ರತಿಮಾ. “ನಿಮ್ಮದು ಬಾಳ ದೊಡ್ಡ ಗುಣ ಅಂತ ಬರದಾರ. ನಮ್ಮವ್ವನ ಸುದ್ದಿ ಅದ್ರಾಗ ಇಲ್ಲ.”

ಅವಳ ಮುಂದೆ ಮರಿಬಸಪ್ಪ ತಪ್ಪಾಯಿತು ಎಂದ. ಅದು ಎಷ್ಟು ಸಣ್ಣ ಮಾತೆಂದು ಆಡುವಾಗಲೇ ತಿಳಿಯಿತು. ಪ್ರತಿಮಾ ತಲೆ ಅಲ್ಲಾಡಿಸಿದಳು. ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅದು ಬ್ಯಾಡ. ಅವತ್ತ ಏನಾತು ಹೇಳ್ರಿ. ಮುಂಜಾನಿಂದ ಹೇಳ್ರಿ, ಏನೂ ಬಿಡಬ್ಯಾಡ್ರಿ. ಅವ್ವಗ ಹೇಳಿದಂಗ ಹೇಳ್ರಿ.”

ಮರಿಬಸಪ್ಪ ಅವಳೆದುರು ನೆಲದ ಮೇಲೆ ಕೂತ. ಆ ದಿನದ ಬೆಳಗಿನಿಂದ ಶುರುಮಾಡಿದ. ಮಿಲ್ಲಿಗೆ ಎಷ್ಟು ಗಂಟೆಗೆ ಬಂದೆ, ಜಂಬಪ್ಪ ಯಾವ ಮಾತು ಹೇಳಿದ, ತಾನು ಅವನ ಮುಖವನ್ನು ಸರಿಯಾಗಿ ನೋಡದೆ ಹೇಗೆ ಉತ್ತರ ಕೊಟ್ಟೆ, ಆಸ್ಪತ್ರೆಯಲ್ಲಿ ಯಾವ ಕಡೆ ತಿರುಗಿ ನಿಂತೆ, ಎಲ್ಲ ಹೇಳಿದ. ಬಸವಕ್ಕನ ಮಣ್ಣಿಗೆ ಬಾರದೆ ಹೋದದ್ದನ್ನೂ ಹೇಳಿದ. ಹೇಳಿ ಮುಗಿಯಲು ಒಂದು ತಾಸು ಹಿಡಿಯಿತು. ಹೂವಮ್ಮ ಅಳುತ್ತಿದ್ದಳು. ಪ್ರತಿಮಾ ಅಳಲಿಲ್ಲ. ಎಲ್ಲಿ ಮಾತು ತೇಲಿಸಿದನೋ ಅಲ್ಲಿ ತಡೆದು ಮತ್ತೆ ಕೇಳಿದಳು.

 ಒಳಗೆ ಜಂಬಪ್ಪ ಎಚ್ಚರವಾಗಿದ್ದನೆಂದು ಎಲ್ಲರಿಗೂ ಗೊತ್ತಿತ್ತು. ಮರಿಬಸಪ್ಪ ಮುಗಿಸಿ ಕೂತ ಮೇಲೆ ಒಳಗಿನಿಂದ ಮಗಳನ್ನು ಕರೆದು, ಅವರು ದೂರದಿಂದ ಬಂದಿದ್ದಾರೆ, ಊಟಕ್ಕೆ ಇಡು ಎಂದ. ಪ್ರತಿಮಾ ಎದ್ದು ನಾಲ್ಕು ತಾಟು ಇಟ್ಟಳು. ಅವ್ವ ಕೊಡುತ್ತಿದ್ದ ಹಾಗೆ ಅಪ್ಪನಿಗೆ ಅನ್ನ ಕಲಿಸಿ ಕೊಟ್ಟು, ಆಮೇಲೆ ಅವರಿಬ್ಬರಿಗೂ ಬಡಿಸಿದಳು.